ರಾಣಿ ವಿಕ್ಟೋರಿಯಾ ಅಂತ್ಯಯಾತ್ರೆಯ ಮೂಕಿ ರೀಲು: 1901ರದ್ದೇ ಅಂತ ಗುರುತಿಸೋದು ಹೇಗೆ?

ರೀಲ್‌ಪೆಟ್ಟಿಗೆ:
35 ಎಂ.ಎಂ. ತುಣುಕೊಂದಿದೆ, 62 ಅಡಿ. ಡಬ್ಬಿಯ ಮೇಲೆ "ವಿಕ್ಟೋರಿಯಾ, 1901" ಅಂತ ಬರೆದಿದೆ. ಶವಪೆಟ್ಟಿಗೆ ಇಟ್ಟ ಫಿರಂಗಿ ಗಾಡಿಯನ್ನು ನಾವಿಕರು ಹಗ್ಗ ಹಿಡಿದು ಎಳೀತಿದ್ದಾರೆ. ಫಿಲ್ಮಿನ ಅಂಚಲ್ಲಿ ಕೊಡಕ್ ಹೆಸರು, ಪಕ್ಕದಲ್ಲಿ ಪುಟ್ಟ ತ್ರಿಕೋನ. ಡಿಜಿಟಲ್ ಪ್ರತಿ 41 ಸೆಕೆಂಡಿಗೆ ಮುಗಿಯುತ್ತೆ, ಎಲ್ಲರೂ ದಡಬಡ ಓಡಿದ ಹಾಗಿದೆ. ನಾವಿಕರು ಇದ್ದಾರೆ ಅಂದಮೇಲೆ 1901 ಅಂತ ಒಪ್ಪಬಹುದಾ? ವೇಗ ಎಷ್ಟಿಡಬೇಕು?

ಅಂಚುಗುರುತು:
ನಾವಿಕರನ್ನು ನೋಡಿ ತೀರ್ಮಾನಿಸಬೇಡಿ, ಬಹಳ ಜನ ಎಡವೋದು ಅಲ್ಲೇ. 1901ರ ಫೆಬ್ರವರಿ 2ರಂದು ಲಂಡನ್ನಿನಲ್ಲಿ, ವಿಕ್ಟೋರಿಯಾ ಸ್ಟೇಷನ್ನಿನಿಂದ ಪ್ಯಾಡಿಂಗ್ಟನ್‌ವರೆಗೆ, ಗಾಡಿ ಎಳೆದದ್ದು ಕುದುರೆಗಳು. ಅರಮನೆಯ ಕೋಟೆ ಇರುವ ವಿಂಡ್ಸರ್‌ನಲ್ಲಿ ಚಳಿಯಲ್ಲಿ ಕಾದು ನಿಂತಿದ್ದ ಕುದುರೆಗಳು ಗಲಾಟೆ ಮಾಡಿ ಸರಂಜಾಮು ಮುರಿದ ಮೇಲೆ ನಾವಿಕರು ಹಗ್ಗ ಹಿಡಿದರು. 1910ರಲ್ಲಿ ವಿಕ್ಟೋರಿಯಾ ಮಗ ಏಳನೇ ಎಡ್ವರ್ಡ್ ಅಂತ್ಯಯಾತ್ರೆಗೂ ಹಾಗೇ: ಲಂಡನ್ನಿನಲ್ಲಿ ಕುದುರೆ, ವಿಂಡ್ಸರ್‌ನಲ್ಲಿ ನಾವಿಕರು. 1936ರಲ್ಲಿ ಐದನೇ ಜಾರ್ಜ್‌ಗೆ ಲಂಡನ್ನಿನಲ್ಲೂ ನಾವಿಕರೇ.

ಹಾಗಾಗಿ ಮೊದಲು ಊರು ಯಾವುದು ನೋಡಿ, ಆಮೇಲೆ ಮರ. 1901 ಫೆಬ್ರವರಿ, 1936 ಜನವರಿ: ಎರಡರಲ್ಲೂ ಬೋಳು ಕೊಂಬೆ. 1910 ಮೇ 20ಕ್ಕೆ ಮಾತ್ರ ತುಂಬು ಎಲೆ. ಮೆರವಣಿಗೆಯಲ್ಲಿ ಪುಟ್ಟ ಟೆರಿಯರ್ ನಾಯಿ ಕಂಡರೆ ಅದು ಎಡ್ವರ್ಡ್‌ನ ಸೀಸರ್, ಚರ್ಚೆಯೇ ಬೇಡ. ಲಂಡನ್ ದೃಶ್ಯದಲ್ಲಿ ಎಡ್ವರ್ಡ್ ತಾನೇ ಕುದುರೆ ಮೇಲಿದ್ದು ಪಕ್ಕದಲ್ಲಿ ಜರ್ಮನಿಯ ಚಕ್ರವರ್ತಿ ಕೈಸರ್ ವಿಲ್ಹೆಲ್ಮ್ ಇದ್ದರೆ 1901.

ತ್ರಿಕೋನದ ವಿಷಯ: ಫಿಲ್ಮು ತಯಾರಾದ ವರ್ಷ ತಿಳಿಸುವ ಈ ಗುರುತುಗಳನ್ನು ಕೊಡಕ್ ಹಾಕೋಕೆ ಶುರುಮಾಡಿದ್ದು 1916ರಲ್ಲಿ, 20 ವರ್ಷಕ್ಕೊಮ್ಮೆ ಅವೇ ಮರಳಿ ಬರುತ್ತವೆ. ಅಂದರೆ ದೃಶ್ಯ 1901 ಅಥವಾ 1910ರದ್ದಾದರೆ ನಿಮ್ಮ ಕೈಲಿರೋದು ಆಮೇಲೆ ತೆಗೆದ ನಕಲು ಪ್ರತಿ. ಆಗ ಚಿತ್ರೀಕರಣದ ವರ್ಷಕ್ಕೂ ಆ ಗುರುತಿಗೂ ಸಂಬಂಧವಿಲ್ಲ.

ಹದಿನಾರು_ಫ್ರೇಮು:
ವೇಗದ ಲೆಕ್ಕ ಸುಲಭ. 35 ಎಂ.ಎಂ.ನಲ್ಲಿ ಅಡಿಗೆ 16 ಫ್ರೇಮು, 62 ಅಡಿಗೆ 992. ಡಿಜಿಟಲ್ ಪ್ರತಿ ಮಾಡಿದವರು ಅದನ್ನು ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದ್ದಾರೆ, ಅದಕ್ಕೇ 41 ಸೆಕೆಂಡು. ಆಗಿನ ಕ್ಯಾಮೆರಾದ ಹಿಡಿ ಕೈಯಲ್ಲಿ ತಿರುಗಿಸಿದರೆ ಒಂದು ಸುತ್ತಿಗೆ 8 ಫ್ರೇಮು, ಸೆಕೆಂಡಿಗೆ ಎರಡು ಸುತ್ತು, ಅಂದರೆ 16. ಆ ವೇಗದಲ್ಲಿ 62 ಸೆಕೆಂಡು ಬರಬೇಕು. ಆದರೆ ಕೈಯಲ್ಲಿ ತಿರುಗಿಸಿದ್ದು ಏರುಪೇರು ಇದ್ದೇ ಇರುತ್ತೆ. 14ರಿಂದ 18ರವರೆಗೆ ಹಾಕಿ ನೋಡಿ, ನಡೆಯುವವರ ಹೆಜ್ಜೆ ನೆಲಕ್ಕೆ ಭಾರವಾಗಿ ಬೀಳುವ ಕಡೆ ನಿಲ್ಲಿಸಿ.

ಒಂದು ತೊಡಕು. ಕೆಲವು ಪ್ರತಿಗಳಲ್ಲಿ 16ನ್ನು 24ಕ್ಕೆ ಹೊಂದಿಸೋಕೆ ಒಂದು ಬಿಟ್ಟು ಒಂದು ಫ್ರೇಮನ್ನು ಎರಡೆರಡು ಸಲ ಮುದ್ರಿಸಿರುತ್ತಾರೆ. ಫ್ರೇಮು ಫ್ರೇಮಾಗಿ ನೋಡಿದಾಗ ಮೂರರಲ್ಲಿ ಎರಡು ಒಂದೇ ಥರ ಇದ್ದರೆ, ಮೊದಲು ಆ ಜೋಡಿಗಳಲ್ಲಿ ಒಂದೊಂದನ್ನು ತೆಗೆದು ಆಮೇಲೆ ವೇಗ ಇಳಿಸಿ. ಇಲ್ಲದಿದ್ದರೆ ಎಳೆದೆಳೆದು ಕುಂಟುತ್ತೆ. ಓಡುತ್ತಿರೋದನ್ನು ನೋಡಿದರೆ ನಿಮ್ಮದರಲ್ಲಿ ಆ ಕಾಟ ಇರಲಿಕ್ಕಿಲ್ಲ.

ಅಂಚುಗುರುತು:
ಪ್ರೊಜೆಕ್ಟರಿಗೆ ಮಾತ್ರ ಹಾಕಬೇಡಿ. ಹಳೇ ಕಾಲದ, ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮಾಗಿದ್ದರೆ ಉರಿಯೋಕೆ ಬೇಕಾದ ಆಮ್ಲಜನಕ ಅದರೊಳಗೇ ಇರುತ್ತೆ, ನೀರಲ್ಲಿ ಮುಳುಗಿಸಿದರೂ ಆರಲ್ಲ. ಅಂಟಂಟು, ಗುಳ್ಳೆ ಅಥವಾ ಕಂದು ಪುಡಿ ಕಂಡರೆ ಬಿಚ್ಚದೆ ಆರ್ಕೈವಿನವರಿಗೆ ತಿಳಿಸಿ. ಹುಳಿ ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಅನ್ನೋ ಇನ್ನೊಂದು ಬಗೆಯ ಫಿಲ್ಮು, ಅದರ ರೋಗವೇ ಬೇರೆ. ಫಿಲ್ಮು ಚೆನ್ನಾಗಿದ್ದರೆ ಅಂಚಿನ 100 ರಂಧ್ರಗಳ ಉದ್ದ ಅಳೆಯಿರಿ: 475 ಮಿ.ಮೀ. ಇರಬೇಕು. 470 ಬಂದರೆ ಶೇಕಡಾ 1ರಷ್ಟು ಕುಗ್ಗಿದೆ, ಹಲ್ಲುಚಕ್ರಕ್ಕೆ ಸಿಕ್ಕಿದರೆ ರಂಧ್ರ ಹರಿಯುತ್ತೆ. ಹಲ್ಲುಚಕ್ರ ಇಲ್ಲದ ಸ್ಕ್ಯಾನರ್ ಇರುವಲ್ಲೇ ಕೊಡಿ.

ರೀಲ್‌ಪೆಟ್ಟಿಗೆ:
ವಾಸನೆ ಇಲ್ಲ, ಅಂಟೂ ಇಲ್ಲ. ಹಿಂದೆ ಕೋಟೆಯ ಗೋಡೆ, ಅದರ ಬದಿಗೆ ಎಲೆ ತುಂಬಿದ ಮರಗಳು ಕಾಣ್ತಿವೆ.

ಅಂಚುಗುರುತು:
ಹಾಗಾದರೆ ಅದು ವಿಕ್ಟೋರಿಯಾ ಅಲ್ಲ. ಎಲೆ, ಕೋಟೆ, ನಾವಿಕರು ಮೂರೂ ಸೇರಿದರೆ 1910ರ ವಿಂಡ್ಸರ್. ಡಬ್ಬಿಯ ಮೇಲಿನ ಹಳೇ ಬರಹ ಅಳಿಸಬೇಡಿ. ಬೇರೆ ಚೀಟಿಯಲ್ಲಿ "ಏಳನೇ ಎಡ್ವರ್ಡ್, ವಿಂಡ್ಸರ್, 20 ಮೇ 1910, ನಂತರದ ಪ್ರತಿ" ಅಂತ ಬರೆದು, ಗುರುತಿಸಿದ ಕಾರಣವನ್ನೂ ಸೇರಿಸಿ ಒಳಗಿಡಿ.