ಸೀರೀಸ್ 3 ಲ್ಯಾಂಡ್ ರೋವರ್ (88 ಇಂಚು): ಲೀಫ್ ಚಾಸಿಯಿಂದ ಕಾಯಿಲ್ ಚಾಸಿಗೆ

ಎಂಬತ್ತೆಂಟಿಂಚು (ಪ್ರಶ್ನೆ; ಇಲ್ಲಿಂದ ಮುಂದಿನ ಶೀರ್ಷಿಕೆಗಳು ಬರೆದವರ ಅಡ್ಡಹೆಸರು)

ಗಾಡಿ 1977ರ ಸೀರೀಸ್ 3, ಇಂಗ್ಲೆಂಡಿನಲ್ಲಿದೆ. 2.25 ಪೆಟ್ರೋಲ್ ಎಂಜಿನ್, ಮೂಲ ಗೇರ್‌ಬಾಕ್ಸ್. ಚಾಸಿಯ ಹಿಂದಿನ ಕ್ರಾಸ್ ಮೆಂಬರ್, ಔಟ್‌ರಿಗರ್‌ಗಳನ್ನು (ಪಕ್ಕಕ್ಕೆ ಚಾಚಿ ಬಾಡಿ ಹೊರುವ ತೋಳು) ತುಕ್ಕು ತಿಂದು ಹಾಕಿದೆ. ಹೇಗಿದ್ದರೂ ಚಾಸಿ ಬದಲಿಸಬೇಕಾದ್ದರಿಂದ ಲೀಫ್ (ಪಟ್ಟಿ) ಸ್ಪ್ರಿಂಗ್ ಬಿಟ್ಟು ಕಾಯಿಲ್ (ಸುರುಳಿ) ಸ್ಪ್ರಿಂಗಿಗೇ ಹೋಗುವ ಯೋಚನೆ. ಡಿಸ್ಕವರಿ 1ರ ಎರಡೂ ಆಕ್ಸಲ್ ಕೈಗೆ ಬಂದಿವೆ. 100 ಇಂಚಿನ ರೇಂಜ್ ರೋವರ್ ಚಾಸಿ ಕತ್ತರಿಸಿ ಗಿಡ್ಡ ಮಾಡುವುದೋ, ಲ್ಯಾಂಡ್ ರೋವರ್ 90ರ (ಡಿಫೆಂಡರ್ 90) ಚಾಸಿ ಮೇಲೆ ಸೀರೀಸ್ ಬಾಡಿ ಕೂರಿಸುವುದೋ, 88ರ ಬಾಡಿಗೆಂದೇ ಮಾಡಿದ ಹೊಸ ಗ್ಯಾಲ್ವನೈಸ್ಡ್ ಕಾಯಿಲ್ ಚಾಸಿ ತರಿಸುವುದೋ? ಹಳೇ ಗೇರ್‌ಬಾಕ್ಸ್ ಉಳಿಸಿಕೊಳ್ಳಬಹುದೇ? ಸ್ಟೀರಿಂಗ್, ಬ್ರೇಕಿಗೆ ಏನೇನು ಬೇಕು?

ಲೋ ರೇಂಜ್

88ರ ಬಾಡಿಗೆಂದೇ ಮಾಡಿದ ಚಾಸಿ ತರಿಸಿ. ರೇಂಜ್ ರೋವರ್ ಚಾಸಿಯಲ್ಲಿ 12 ಇಂಚು ತೆಗೆಯಬೇಕು; ರೈಲು (ಚಾಸಿಯ ಉದ್ದ ತೊಲೆ) ಸ್ವಲ್ಪ ಸೊಟ್ಟಗೆ ಕೂತರೂ ಹಿಂದಿನ ಆಕ್ಸಲ್ ಓರೆಯಾಗಿ ಗಾಡಿ ಏಡಿ ನಡೆದಂತೆ ಓಡುತ್ತದೆ. 90 ಅಂತ ಹೆಸರಿದ್ದರೂ ಅದರ ವೀಲ್‌ಬೇಸ್ 92.9 ಇಂಚು. ಹೆಚ್ಚಿನ 4.9 ಇಂಚಿನಿಂದಾಗಿ ಚಕ್ರ ಸೀರೀಸ್ ಬಾಡಿಯ ಕಮಾನಿನ ನಡುವೆ ಬರುವುದಿಲ್ಲ, ಬಾಡಿಯ ಮೌಂಟ್‌ಗಳನ್ನೂ ಹೊಸದಾಗಿ ಮಾಡಬೇಕು.

ಗೇರಿಂಗ್ ವಿಷಯ ಸ್ಪ್ರಿಂಗಿಗಿಂತ ಮುಖ್ಯ, ಮೊದಲು ಅದನ್ನು ತೀರ್ಮಾನಿಸಿ. ಸೀರೀಸ್ ಡಿಫ್ (ಆಕ್ಸಲಿನೊಳಗಿನ ಡಿಫರೆನ್ಷಿಯಲ್) ಅನುಪಾತ 4.7, ಡಿಸ್ಕವರಿಯದು 3.54. ಸೀರೀಸ್ 3ರ ಟ್ರಾನ್ಸ್‌ಫರ್ ಬಾಕ್ಸಿನ (ಹಿಂದಿನ ಮುಂದಿನ ಆಕ್ಸಲಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹೈ ರೇಂಜ್ 1.148, ಅಂದರೆ ಟಾಪ್ ಗೇರಿನಲ್ಲಿ ಈಗ ಒಟ್ಟು 5.40. ಡಿಸ್ಕವರಿ ಡಿಫ್ ಹಾಗೇ ಬಿಟ್ಟರೆ ಅದು 4.06ಕ್ಕೆ ಇಳಿಯುತ್ತದೆ. 2.25 ಪೆಟ್ರೋಲಿನ ಸುಮಾರು 70 ಕುದುರೆಬಲಕ್ಕೆ ಅದು ಭಾರ: ಏರಿನಲ್ಲಿ ಟಾಪ್ ಎಳೆಯುವುದಿಲ್ಲ, ಕ್ಲಚ್ ಬೇಗ ಸವೆಯುತ್ತದೆ. ಲೋ ರೇಂಜಿನ ಫಸ್ಟ್ ಗೇರ್ ಕೂಡ 40:1ರ ಆಸುಪಾಸಿನಿಂದ 30:1ಕ್ಕೆ ಬರುತ್ತದೆ. ಕಲ್ಲುಬಂಡೆ ದಾಟಲೆಂದು ಕಾಯಿಲ್ ಹಾಕಿ, ಆ ನಿಧಾನದ ಗೇರನ್ನೇ ಕಳೆದುಕೊಂಡರೆ ಏನು ಪ್ರಯೋಜನ?

ದಾರಿ ಎರಡಿವೆ. ನಿಮ್ಮ ಸೀರೀಸ್‌ನ 4.7 ಡಿಫ್‌ಗಳನ್ನೇ ಡಿಸ್ಕವರಿ ಹೌಸಿಂಗಿಗೆ ಹಾಕುವುದು ಒಂದು. ಆಕ್ಸಲ್ ಶಾಫ್ಟ್ 10 ಸ್ಪ್ಲೈನಿನದಾದರೆ (ಶಾಫ್ಟಿನ ತುದಿಯ ಹಲ್ಲು) ನೇರ ಕೂರುತ್ತದೆ. ಆಮೇಲಿನ ಡಿಸ್ಕವರಿಗಳದು 24 ಸ್ಪ್ಲೈನ್, ಹೊಂದುವುದಿಲ್ಲ, ಶಾಫ್ಟ್ ಎಳೆದು ಎಣಿಸಿ ನೋಡಿ. ಪಿನಿಯನ್ ಫ್ಲೇಂಜಿನ ತೂತುಗಳೂ ನಿಮ್ಮ ಪ್ರೊಪೆಲ್ಲರ್ ಶಾಫ್ಟಿಗೆ ಹೊಂದುತ್ತವೆಯೇ ಅಳೆಯಿರಿ. ಸ್ಪೀಡೋಮೀಟರ್ ಓಡುವುದು ಟ್ರಾನ್ಸ್‌ಫರ್ ಬಾಕ್ಸಿನಿಂದ, ಹಾಗಾಗಿ 4.7 ಉಳಿದು ಟೈರ್ ಅಳತೆಯೂ ಅದೇ ಇದ್ದರೆ ಓದಿಕೆ ಸರಿಯಿರುತ್ತದೆ. 3.54 ಇಟ್ಟರೆ ನಿಜವಾದ ವೇಗಕ್ಕಿಂತ ಕಾಲು ಭಾಗ ಕಡಿಮೆ ತೋರಿಸುತ್ತದೆ, ಅದು ಅಪಾಯ.

ಇನ್ನೊಂದು ದಾರಿ 200 ಟಿಡಿಐ ಡೀಸೆಲ್ ಎಂಜಿನ್, ಎಲ್‌ಟಿ77 ಗೇರ್‌ಬಾಕ್ಸ್, 1.411ರ ಎಲ್‌ಟಿ230 ಟ್ರಾನ್ಸ್‌ಫರ್ ಬಾಕ್ಸ್. ಆಗ 3.54 ಸರಿಹೊಂದುತ್ತದೆ. ಆದರೆ ಈ ಜೋಡಿ ಉದ್ದ. 88ರಲ್ಲಿ ಹಿಂದಿನ ಶಾಫ್ಟಿಗೆ ಜಾಗ ತೀರಾ ಕಮ್ಮಿ ಉಳಿದು ಯೂನಿವರ್ಸಲ್ ಜಾಯಿಂಟಿನ ಕೋನ ಕಡಿದಾಗುತ್ತದೆ. 2.25 ಉಳಿಸುವುದಾದರೆ ಮೊದಲ ದಾರಿಯೇ ಸರಿ.

ಗ್ರೀಸ್ ಗನ್

ಸ್ಟೀರಿಂಗ್ ಪೂರ್ತಿ ಬದಲಾಗುತ್ತದೆ. ಸೀರೀಸ್‌ನಲ್ಲಿ ಮುಂದಿನ ಕ್ರಾಸ್ ಮೆಂಬರಿನೊಳಗೆ ಸ್ಟೀರಿಂಗ್ ರಿಲೇ (ತಿರುವನ್ನು ಚಕ್ರದ ಕಡೆಗೆ ದಾಟಿಸುವ ಭಾಗ) ಇರುತ್ತದಲ್ಲ, ಕಾಯಿಲ್ ಚಾಸಿಗೆ ಅದು ಬೇಡ. ಬಲಗೈ ಗಾಡಿಯಲ್ಲಿ ಸ್ಟೀರಿಂಗ್ ಬಾಕ್ಸ್ ಬಲ ರೈಲಿಗೆ ಬೋಲ್ಟ್ ಆಗಿ, ಡ್ರ್ಯಾಗ್ ಲಿಂಕ್ ಅಲ್ಲಿಂದ ಎಡ ಚಕ್ರಕ್ಕೆ ಹೋಗುತ್ತದೆ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಕೂಡ ಚಾಸಿಗೆ ಬಲಬದಿಯಲ್ಲೇ ಸೇರಬೇಕು, ಎರಡೂ ಹೆಚ್ಚುಕಮ್ಮಿ ಸಮಾನಾಂತರ ಇರಬೇಕು. ಇಲ್ಲವಾದರೆ ಗುಂಡಿಗೆ ಬಿದ್ದಾಗಲೆಲ್ಲ ಸ್ಟೀರಿಂಗ್ ತಾನೇ ತಿರುಗುತ್ತದೆ. ಡಿಫೆಂಡರ್ ಅಥವಾ ರೇಂಜ್ ರೋವರಿನ ಬಾಕ್ಸ್, ಅದರ ಕಾಲಂ, ಮಧ್ಯದ ಜಾಯಿಂಟ್ ಶಾಫ್ಟ್ ಮೂರನ್ನೂ ಒಟ್ಟಿಗೆ ತೆಗೆದುಕೊಳ್ಳಿ.

ಸೀರೀಸ್‌ನ ಟ್ರ್ಯಾಕ್ (ಎಡ ಬಲ ಚಕ್ರಗಳ ನಡುವಿನ ಅಂತರ) 1308 ಮಿ.ಮೀ., ಕಾಯಿಲ್ ಆಕ್ಸಲಿನದು 1486. ಒಂದೊಂದು ಬದಿಗೆ 89 ಮಿ.ಮೀ. ಹೆಚ್ಚು, ಟೈರ್ ಮಡ್‌ಗಾರ್ಡಿನಿಂದ ಹೊರಗೆ ಬರುತ್ತದೆ. ಕಮಾನಿಗೆ ಅಗಲದ ಅಂಚು ಹಾಕಲೇಬೇಕು. ಚಕ್ರದ ತೂತಿನ ಲೆಕ್ಕ ಎರಡಕ್ಕೂ ಒಂದೇ, 5 ತೂತು, 165.1 ಮಿ.ಮೀ. ಆದರೂ ಹಳೇ ಸೀರೀಸ್ ರಿಮ್ ಡಿಸ್ಕಿನ ಕ್ಯಾಲಿಪರಿಗೆ ತಾಗಬಹುದು, ಕೈಯಲ್ಲೇ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ. ಸ್ಟಡ್ ಎಂ16, ಹಳೇ ಇಂಚಿನ ನಟ್ ಇದ್ದರೆ ಬಲವಂತವಾಗಿ ಹಾಕಬೇಡಿ.

ಬ್ರೇಕಿಗೆ ಡ್ರಮ್ಮಿನ ಮಾಸ್ಟರ್ ಸಿಲಿಂಡರ್ ಇಟ್ಟುಕೊಳ್ಳಬೇಡಿ. ನಾಲ್ಕೂ ಡಿಸ್ಕಿಗೆ ಹೊಂದುವ ಎರಡು ಸರ್ಕ್ಯೂಟಿನ ಸಿಲಿಂಡರ್, ಜೊತೆಗೆ ಸರ್ವೋ (ನಿರ್ವಾತದಿಂದ ಪೆಡಲಿಗೆ ಬಲ ಕೊಡುವ ಭಾಗ) ಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡಿನ ನಿರ್ವಾತ ಸಾಕು, ಡೀಸೆಲ್ ಆದರೆ ವ್ಯಾಕ್ಯೂಮ್ ಪಂಪ್.

ಗ್ಯಾಲ್ವನೈಸ್ಡ್ ಚಾಸಿ ಬಂದ ಕೂಡಲೇ ಎಲ್ಲ ಬೋಲ್ಟ್ ತೂತಿನಲ್ಲೂ ಟ್ಯಾಪ್ ಓಡಿಸಿ, ಸತು ತುಂಬಿಕೊಂಡಿರುತ್ತದೆ. ನೀರು ಇಳಿಯುವ ತೂತು ತೆರೆದಿದೆಯೇ ನೋಡಿ, ಒಳಗೆ ವ್ಯಾಕ್ಸ್ ಹೊಡೆಯಿರಿ. ಅಲ್ಯೂಮಿನಿಯಂ ಬಾಡಿ ನೇರ ಕಬ್ಬಿಣಕ್ಕೆ ತಾಗದಂತೆ ನಡುವೆ ರಬ್ಬರ್ ಪಟ್ಟಿ ಇಡಿ.

ಪ್ಯಾನ್‌ಹಾರ್ಡ್ ರಾಡ್, ಹಿಂದಿನ ಲಿಂಕ್‌ಗಳ ಬುಷ್ ಬೋಲ್ಟ್‌ಗಳನ್ನು ಗಾಡಿ ಎತ್ತಿಟ್ಟಾಗ ಪೂರ್ತಿ ಬಿಗಿಯಬೇಡಿ. ಎಂಜಿನ್, ಬಾಡಿ ಕೂತು ಪೂರ್ತಿ ಭಾರ ಚಕ್ರದ ಮೇಲೆ ಬಂದ ಮೇಲೆಯೇ ಕೊನೆಯ ಬಿಗಿ. ಮೊದಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನೂ ಆಗಲೇ ಅಳೆಯಿರಿ.

ಹಳೆ ಚಾಸಿ

ಚಾಸಿಗೆ ದುಡ್ಡು ಕೊಡುವ ಮುಂಚೆ ಕಾಗದಪತ್ರದ ಲೆಕ್ಕ ಹಾಕಿ. 1977ರ ಗಾಡಿಗೆ 40 ವರ್ಷ ಮೀರಿರುವುದರಿಂದ ಬ್ರಿಟನ್ನಿನಲ್ಲಿ ಎಂಒಟಿ ತಪಾಸಣೆಯ ವಿನಾಯಿತಿ ಇದೆ. 2018ರ ಮೇ 20ರಿಂದ ಬಂದ ನಿಯಮದ ಪ್ರಕಾರ, ಕಳೆದ 30 ವರ್ಷಗಳಲ್ಲಿ ಗಣನೀಯ ಬದಲಾವಣೆ ಆಗಿದ್ದರೆ ಆ ವಿನಾಯಿತಿ ಹೋಗುತ್ತದೆ. ಮೂಲ ಮಾದರಿಯದೇ ಹೊಸ ಚಾಸಿ ಹಾಕಿದರೆ ತೊಂದರೆಯಿಲ್ಲ, ಸಸ್ಪೆನ್ಷನ್ ಬಗೆ ಬದಲಿಸಿದರೆ ಅದು ಗಣನೀಯ ಬದಲಾವಣೆಯೇ. ನೋಂದಣಿ ಸಂಖ್ಯೆ ಉಳಿಯುವ ಪ್ರಶ್ನೆ ಇನ್ನೂ ದೊಡ್ಡದು. ಡಿವಿಎಲ್‌ಎಯ (ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ) ಈಗಿನ ನಿಯಮ ಓದಿ, ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆದುಕೊಳ್ಳಿ.

ನನ್ನ ಅಭಿಪ್ರಾಯ ಬೇರೆ. ಓಡಾಟ ಹೆಚ್ಚಾಗಿ ರಸ್ತೆಯಲ್ಲೇ ಇದ್ದರೆ ಮೂಲ ಮಾದರಿಯ ಗ್ಯಾಲ್ವನೈಸ್ಡ್ ಚಾಸಿ, ಪ್ಯಾರಾಬೋಲಿಕ್ ಲೀಫ್, ಅದಕ್ಕೆ ತಕ್ಕ ಶಾಕ್ ಹಾಕಿ. ಎಲೆಗಳ ಸಂಖ್ಯೆ ಕಮ್ಮಿ, ಒಂದಕ್ಕೊಂದು ಉಜ್ಜುವುದಿಲ್ಲ, ಹಾಗಾಗಿ ಹಳೇ ಕಟ್ಟಿಗಿಂತ ತುಂಬಾ ಮೆತ್ತಗೆ ಓಡುತ್ತದೆ. ಆಕ್ಸಲ್, ಸ್ಟೀರಿಂಗ್, ಗೇರಿಂಗ್ ಯಾವುದನ್ನೂ ಮುಟ್ಟಬೇಕಿಲ್ಲ.

ಎಂಬತ್ತೆಂಟಿಂಚು

ಶಾಫ್ಟ್ ಎಳೆದು ನೋಡಿದೆ, 10 ಸ್ಪ್ಲೈನ್. ಕಾಯಿಲ್‌ಗೆ ಹೋಗುವುದಾದರೆ 50 ಮಿ.ಮೀ. ಎತ್ತರದ ಸ್ಪ್ರಿಂಗ್ ಹಾಕಲೇ?

ಗ್ರೀಸ್ ಗನ್

ಬೇಡ. ಮೂಲ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಬಾಗಿದ ಕೋನ) 3 ಡಿಗ್ರಿ. ಎತ್ತರಿಸಿದಷ್ಟೂ ರೇಡಿಯಸ್ ಆರ್ಮ್ (ಮುಂದಿನ ಆಕ್ಸಲನ್ನು ಚಾಸಿಗೆ ಹಿಡಿಯುವ ತೋಳು) ಆಕ್ಸಲನ್ನು ತಿರುಗಿಸಿ ಕ್ಯಾಸ್ಟರ್ ಕಮ್ಮಿಯಾಗುತ್ತದೆ, ತಿರುವಿನಲ್ಲಿ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. 90ರ ಮೂಲ ಎತ್ತರದ ಸ್ಪ್ರಿಂಗ್ ತಗೊಳ್ಳಿ. ಎಡ ಬಲದವು ಬೇರೆ ಬೇರೆ, ಡ್ರೈವರ್ ಬದಿಯದು ಯಾವುದೆಂದು ಪಾರ್ಟ್ ನಂಬರ್ ನೋಡಿಯೇ ಹಾಕಿ. ರೇಂಜ್ ರೋವರ್ ಹಿಂದಿನ ಸ್ಪ್ರಿಂಗ್ ಅಗ್ಗಕ್ಕೆ ಸಿಕ್ಕರೂ ಬಿಡಿ. ನಡುವಿನ ಸೆಲ್ಫ್ ಲೆವೆಲಿಂಗ್ ಯೂನಿಟ್ ಭಾರ ಹೊರುತ್ತದೆಂದು ಲೆಕ್ಕ ಹಾಕಿ ಮಾಡಿದವು ಅವು, ಯೂನಿಟ್ ಇಲ್ಲದಿದ್ದರೆ ಲೋಡ್ ಹಾಕಿದಾಗ ಹಿಂಭಾಗ ಕುಸಿಯುತ್ತದೆ.