ಮೋಟರ್‌ಹೋಮ್ ಎಸಿ ಕಂಡೆನ್ಸರ್ ನಾನೇ ಬದಲಿಸಬಹುದಾ?

ಪೈನ್ ಕಾಡಿನ ಮಲೆನಾಡಿಗ (ಫ್ಲ್ಯಾಗ್‌ಸ್ಟಾಫ್, ಅರಿಝೋನಾ):
ಎಲ್ಲರಿಗೂ ನಮಸ್ಕಾರ. ನಮ್ಮದು 2011ರ ಮೋಟರ್‌ಹೋಮ್. ಫೋರ್ಡ್ ಇ-450 ಚಾಸಿ, ವಿ10 ಪೆಟ್ರೋಲ್ ಇಂಜಿನ್. ಹೋದ ತಿಂಗಳು ಫೀನಿಕ್ಸ್‌ನಿಂದ ಐ-17 ಹೆದ್ದಾರಿಯಲ್ಲಿ ಘಟ್ಟ ಹತ್ತುವಾಗ ಮುಂದಿನ ಲಾರಿಯಿಂದ ಕಲ್ಲೊಂದು ಸಿಡಿದು ಗ್ರಿಲ್‌ಗೆ ಬಡಿಯಿತು. ವಾರ ಕಳೆದ ಮೇಲೆ ಡ್ಯಾಶ್ ಎಸಿಯಲ್ಲಿ ಬರೀ ಬಿಸಿ ಗಾಳಿ. ಟಾರ್ಚ್ ಬಿಟ್ಟು ನೋಡಿದರೆ ಕಂಡೆನ್ಸರ್‌ನ (ಗ್ರಿಲ್ ಹಿಂದೆ ಎಸಿ ಗ್ಯಾಸಿನ ಬಿಸಿ ಹೊರಹಾಕುವ ಭಾಗ) ಎಡ ಮೂಲೆಯಲ್ಲಿ ಅಂಗೈಯಗಲ ಎಣ್ಣೆ ಪಸೆ, ಅದಕ್ಕೆ ಮೆತ್ತಿಕೊಂಡ ಕೆಂಪು ಧೂಳು. ಸೋಪು ನೀರು ಹಚ್ಚಿದೆ. ಅಕ್ಕಿಕಾಳಿನಷ್ಟು ಜಾಗದಿಂದ ಸಣ್ಣಗೆ ಗುಳ್ಳೆ ಏಳುತ್ತಿದೆ.

ಗ್ಯಾರೇಜಿನಲ್ಲಿ 1,400 ಡಾಲರ್ ಹೇಳಿದರು. ದುಡ್ಡು ಹಾಗಿರಲಿ, ಮೂರು ವಾರ ಗಾಡಿ ಬಿಡಬೇಕಂತೆ. ಜೂನ್‌ನಲ್ಲಿ ತೀರ್ಥಹಳ್ಳಿಯಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ 74, ಬಿಸಿಲು ತಡೆಯುವುದಿಲ್ಲ. ಆಗ ಫೀನಿಕ್ಸ್‌ನಲ್ಲಿ 40 ಡಿಗ್ರಿ ದಾಟಿರುತ್ತದೆ. ಬ್ರೇಕ್, ಆಲ್ಟರ್ನೇಟರ್ ನಾನೇ ಹಾಕಿದ್ದೇನೆ. ಎಸಿ ಮಾತ್ರ ಮುಟ್ಟಿಲ್ಲ. ಕಂಡೆನ್ಸರ್ ಒಂದನ್ನೇ ಬದಲಿಸಿದರೆ ಸಾಕಾ? ಒಳಗೆ ಉಳಿದ ಗ್ಯಾಸ್ ಏನು ಮಾಡಲಿ?

ಹುಬ್ಬಳ್ಳಿ ಟು ಡಲ್ಲಾಸ್:
ಗ್ಯಾಸ್ ಸುಮ್ನೆ ಗಾಳಿಗೆ ಬಿಡಬ್ಯಾಡ್ರಿ ಸರ್. ಇಲ್ಲಿ ಅದು ಕಾನೂನು ಪ್ರಕಾರ ತಪ್ಪು. ನಿಮ್ಮ ಎಸಿಯೊಳಗಿನ 134ಎ ಗ್ಯಾಸು ಭೂಮಿ ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಜಾಸ್ತಿ ಪಟ್ಟು. ಗ್ಯಾಸ್ ಹೀರಿ ಹಿಡಿದಿಡುವ ರಿಕವರಿ ಮಷೀನ್ ಇರುವ ಗ್ಯಾರೇಜಿಗೆ ಹೋಗಿ ತೆಗೆಸಿಕೊಂಡು ಬರ್ರಿ, ಉಳಿದ ಕೆಲಸ ಮನೆಯಲ್ಲಿ ಮಾಡಿಕೊಳ್ಳಬಹುದು. ಅಷ್ಟರೊಳಗೆ ಎಲ್ಲಾದರೂ ಹೋಗಬೇಕಾದರೆ ಜನರೇಟರ್ ಹಾಕಿ ಮೇಲಿನ ರೂಫ್ ಎಸಿ ಓಡಿಸ್ರಿ. ಅದರ ಗ್ಯಾಸ್ ಲೈನೇ ಬೇರೆ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಗಾಡಿ ಎಸಿ ಮೈಸೂರು:
ಸರ್, 22 ವರ್ಷದಿಂದ ಇದೇ ಕೆಲಸ ನನ್ನದು. ಮೊದಲು ಮಂಗಳೂರು, ಈಗ ಮೈಸೂರು. ಕಂಡೆನ್ಸರ್ ಒಂದನ್ನೇ ಹಾಕಬೇಡಿ. ಲೈನ್ ಬಿಚ್ಚಿದ ಮೇಲೆ ಅಕ್ಯುಮುಲೇಟರ್ (ಗ್ಯಾಸ್ ಕಂಪ್ರೆಸರ್‌ಗೆ ಹೋಗುವ ಮೊದಲು ಹಾದುಹೋಗುವ ಡಬ್ಬಿ) ಬದಲಿಸಲೇಬೇಕು. ಅದರೊಳಗೆ ತೇವ ಹೀರುವ ಕಾಳು ಇರುತ್ತದೆ, ಹೊರಗಿನ ಗಾಳಿ ಸೋಕಿದರೆ ಅದರ ಕೆಲಸ ಮುಗೀತು. ಹೊಸದರ ಮುಚ್ಚಳವನ್ನು ಪೈಪ್ ಜೋಡಿಸುವ ನಿಮಿಷದವರೆಗೂ ತೆಗೆಯಬೇಡಿ.

ಆರಿಫಿಸ್ ಟ್ಯೂಬ್ ಹೊರಗೆ ಎಳೆದು ಬಿಳಿ ಬಟ್ಟೆ ಮೇಲೆ ಇಟ್ಟು ನೋಡಿ. ಪೈಪ್ ಒಳಗೆ ಗ್ಯಾಸಿನ ದಾರಿ ಕಿರಿದು ಮಾಡುವ ಬೆರಳುದ್ದದ ಪ್ಲಾಸ್ಟಿಕ್ ಕಡ್ಡಿ ಅದು, ತುದಿಯಲ್ಲಿ ಜಾಲರಿ. ಜಾಲರಿ ಸ್ವಚ್ಛ ಇದ್ದರೆ ಸಾಮಾನ್ಯವಾಗಿ ಬೇರೇನೂ ಹಾಳಾಗಿರುವುದಿಲ್ಲ, ಹೊಸ ಟ್ಯೂಬ್ ಹಾಕಿ ಮುಂದೆ ಹೋಗಿ. ಬೆಳ್ಳಿ ಪುಡಿ ಥರ ಮಿಂಚಿದರೆ ಗ್ಯಾಸ್ ಒತ್ತುವ ಕಂಪ್ರೆಸರ್ ಸವೆಯುತ್ತಿದೆ ಅಂತ ಅರ್ಥ. ಆಗ ಕೆಲಸ ನಿಲ್ಲಿಸಿ ನನಗೆ ಬರೆಯಿರಿ.

ಹಳೆ ಕಂಡೆನ್ಸರ್, ಹಳೆ ಅಕ್ಯುಮುಲೇಟರ್ ಎರಡನ್ನೂ ಬೋರಲು ಹಾಕಿ, ಸುರಿದ ಎಣ್ಣೆ ಅಳೆಯಿರಿ, ಅಷ್ಟೇ ಹೊಸ ಎಣ್ಣೆ ಹಾಕಬೇಕು. ಕಲ್ಲು ಬಿದ್ದ ಜಾಗದಿಂದ ಸೋರಿದ್ದಕ್ಕೆ ಚೂರು ಜಾಸ್ತಿ ಸೇರಿಸಬೇಕಾಗುತ್ತದೆ. ಎಣ್ಣೆ ಯಾವುದು, ಎಷ್ಟು ಅನ್ನುವುದು ಗಾಡಿ ಮ್ಯಾನುಯಲ್‌ನಲ್ಲಿ ಇರುತ್ತದೆ. ಜಾಯಿಂಟ್‌ಗಳ ರಬ್ಬರ್ ಓ-ರಿಂಗ್‌ಗಳಿಗೂ ಅದೇ ಎಣ್ಣೆ ಸವರಿ. ಗ್ರೀಸ್ ಬೇಡ. ಆಮೇಲೆ 45 ನಿಮಿಷ ವ್ಯಾಕ್ಯೂಮ್, ಅಂದರೆ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಳೆದು ತೆಗೆಯಿರಿ.

ಪೈನ್ ಕಾಡಿನ ಮಲೆನಾಡಿಗ:
ಅಣ್ಣಾ, ನೀವು ಹೇಳಿದ ಹಾಗೇ ಮಾಡಿದೆ. ಜಾಲರಿ ಸ್ವಚ್ಛವಾಗಿತ್ತು, ನೋಡಿ ಉಸಿರು ಬಂತು. ಆದರೆ ಈಗ ಒಂದು ಭಯ. ಪಂಪ್ ಒಂದು ಗಂಟೆಯಿಂದ ಓಡುತ್ತಿದೆ, ಗೇಜ್ ಮುಳ್ಳು 23 ಇಂಚಿನಲ್ಲಿ (ಪಾದರಸದ ಲೆಕ್ಕ) ನಿಂತುಬಿಟ್ಟಿದೆ. ಎಲ್ಲರೂ 29 ಬರಬೇಕು ಅಂತಾರೆ. ಎರಡು ಸಲ ಬಿಚ್ಚಿ ಓ-ರಿಂಗ್ ನೋಡಿದೆ. ಎಲ್ಲಿ ಸೋರುತ್ತಿದೆಯೋ ಗೊತ್ತಾಗುತ್ತಿಲ್ಲ.

ಗಾಡಿ ಎಸಿ ಮೈಸೂರು:
ಇನ್ನೊಂದು ಸಲ ಬಿಚ್ಚಬೇಡಿ ಸರ್! ನಿಮ್ಮ ಊರು ಎಷ್ಟು ಎತ್ತರದಲ್ಲಿದೆ? ಸುಮಾರು 2,100 ಮೀಟರ್ ಅಲ್ವಾ? ಗೇಜ್ ಹೊರಗಿನ ಗಾಳಿಗೆ ಹೋಲಿಸಿ ತೋರಿಸುತ್ತದೆ. ಎತ್ತರ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡವೇ ಕಮ್ಮಿ. ಸಮುದ್ರ ಮಟ್ಟದಲ್ಲಿ ಅದು ಸುಮಾರು 30 ಇಂಚು, ಅದರಿಂದ ಸಾವಿರ ಅಡಿಗೆ ಹತ್ತಿರ ಹತ್ತಿರ ಒಂದು ಇಂಚು ಕಳೆಯಿರಿ. ನಿಮ್ಮದು 7,000 ಅಡಿ, ಅಂದರೆ ಮುಳ್ಳು 23 ದಾಟಿ 29ರ ಕಡೆ ಹೋಗುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಮಂಗಳೂರಿನಲ್ಲಿ 29 ನೋಡಿ ನೋಡಿ ಅಭ್ಯಾಸವಾಗಿದ್ದ ನಾನು ಮೈಸೂರಿಗೆ ಬಂದಾಗ ಮುಳ್ಳು 27ರಲ್ಲಿ ನಿಲ್ಲುತ್ತಿತ್ತು. ಹೊಸ ಪಂಪ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕೊಟ್ಟಿದ್ದೆ. ಆಮೇಲೆ ಮೇಸ್ತ್ರಿ ಕೂರಿಸಿಕೊಂಡು ತಿಳಿಸಿದರು.

ಗೇಜ್‌ನ ಎರಡೂ ವಾಲ್ವ್ ಮುಚ್ಚಿ ಒಂದು ಗಂಟೆ ಬಿಡಿ. ಮುಳ್ಳು ಅಲ್ಲಾಡದಿದ್ದರೆ ಕ್ಯಾನ್‌ನಿಂದ ಸ್ವಲ್ಪ ಗ್ಯಾಸ್ ಲೈನ್ ಒಳಗೆ ಬಿಟ್ಟು, ಜಾಯಿಂಟ್‌ಗಳಿಗೆಲ್ಲ ಸೋಪು ನೀರು ಹಚ್ಚಿ ನೋಡಿ. ಸರಿ ಇದ್ದರೆ ಉಳಿದದ್ದು ತುಂಬಿ. ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಎಷ್ಟು ಬರೆದಿದೆಯೋ ಅಷ್ಟನ್ನೇ, ತಕ್ಕಡಿಯಲ್ಲಿ ತೂಗಿ ಹಾಕಬೇಕು. ಇಂಜಿನ್ ಓಡುವಾಗ ಹೆಚ್ಚು ಒತ್ತಡದ ಕಡೆಯ ಕೆಂಪು ವಾಲ್ವ್ ಮುಟ್ಟಲೇಬೇಡಿ. ಆ ಕಡೆಯ ಒತ್ತಡ ಕ್ಯಾನ್‌ಗೆ ನುಗ್ಗಿದರೆ ಅದು ಕೈಯಲ್ಲೇ ಒಡೆಯುತ್ತದೆ.

ಪೈನ್ ಕಾಡಿನ ಮಲೆನಾಡಿಗ:
ಮುಳ್ಳು ರಾತ್ರಿಯಿಡೀ 23ರಲ್ಲೇ ಇತ್ತು ಅಣ್ಣಾ. ಬೆಳಿಗ್ಗೆ ಗ್ಯಾಸ್ ತುಂಬಿದೆ. ಕ್ಯಾನ್ ಹಿಡಿದ ಕೈ ಮರಗಟ್ಟುವಷ್ಟು ತಣ್ಣಗಾಯಿತು. ನಿನ್ನೆ ಕ್ಯಾಂಪ್ ವರ್ಡೆವರೆಗೆ ಇಳಿದು ವಾಪಸ್ ಹತ್ತಿ ಬಂದೆ. ಹೊರಗೆ 38, ಡ್ಯಾಶ್ ವೆಂಟ್‌ನಲ್ಲಿ ಇಟ್ಟ ಥರ್ಮಾಮೀಟರ್‌ನಲ್ಲಿ 7. ನಿಮ್ಮ ಉಪಕಾರ ಮರೆಯುವುದಿಲ್ಲ. ಗ್ರಿಲ್ ಹಿಂದೆ ತಂತಿ ಜಾಲರಿ ಕಟ್ಟಬೇಕು ಅಂತಿದ್ದೇನೆ. ಎಷ್ಟು ಅಗಲದ ಕಣ್ಣಿದ್ದರೆ ಗಾಳಿಗೆ ತೊಂದರೆಯಾಗಲ್ಲ?

ಗಾಡಿ ಎಸಿ ಮೈಸೂರು:
ಅರ್ಧ ಇಂಚು ಸಾಕು ಸರ್. ಸೊಳ್ಳೆ ಪರದೆಯಂಥದ್ದು ಹಾಕಬೇಡಿ, ಗಾಳಿ ಕಟ್ಟುತ್ತದೆ. ತಂದೆಯವರಿಗೆ ನಮಸ್ಕಾರ ಹೇಳಿ.