ಮಹಡಿಯ ಹಲಗೆ ನೆಲಕ್ಕೆ ಮನೆಯಲ್ಲೇ ಮಾಡಿದ ದ್ರಾವಣ: ಬಳಸಿದವರು ಹೇಳಿ

ಚೌಕಿಪೇಟೆ ಹಳೆಮನೆ: ದಾವಣಗೆರೆಯ ನಮ್ಮ ಹಿರಿಯರ ಮನೆಯ ಮಹಡಿಯಲ್ಲಿ ತೇಗದ ಹಲಗೆಯ ನೆಲವಿದೆ. ವಾರ್ನಿಷ್ ಕೆಲವು ಕಡೆ ಉಳಿದಿದೆ, ಓಡಾಡುವ ಜಾಗದಲ್ಲಿ ಸವೆದು ಬೋಳಾಗಿದೆ. ಅಂಗಡಿಯ ಬಾಟಲಿ ಬೇಡ. ವಿನೆಗರ್, ಅಂಟುವಾಳ, ಚಹಾ ಡಿಕಾಕ್ಷನ್, ಇವುಗಳಲ್ಲಿ ಯಾವುದನ್ನು ಧೈರ್ಯವಾಗಿ ಬಳಸಬಹುದು?

ವಿದ್ಯಾನಗರ ಮೂರನೇ ಅಂತಸ್ತು: ವಿನೆಗರ್ ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮದು ಲ್ಯಾಮಿನೇಟ್, ಮರದಂತೆ ಕಾಣುವ ಪಟ್ಟಿಗಳ ನೆಲ. ಹಾಕಿಕೊಟ್ಟವರೇ ‘ಬಕೆಟ್ ನೀರಿಗೆ ಒಂದು ಲೋಟ ವಿನೆಗರ್ ಬೆರೆಸಿ ಒರೆಸಿ, ಹೊಸದರಂತೆಯೇ ಇರುತ್ತದೆ’ ಎಂದರು. ಮನೆಗೆಲಸದವರು ಮೊಸಾಯಿಕ್ ಒರೆಸಿದ ಹಾಗೆ ನೀರು ಹರಿಸಿ ಒರೆಸಿದರು. ಲ್ಯಾಮಿನೇಟಿನ ಹೊಟ್ಟೆಯಲ್ಲಿರುವುದು ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಕೀಲಿನಲ್ಲಿ ನೀರಿಳಿದರೆ ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನಂತೆ ಕೂರುವುದಿಲ್ಲ. ಬಾಲ್ಕನಿ ಬಾಗಿಲ ಬಳಿ ಪಟ್ಟಿಗಳ ಅಂಚು ಹಪ್ಪಳದಂತೆ ಎದ್ದಿತು. ಬದಲಿ ಪಟ್ಟಿ ಕೇಳಲು ಹೋದರೆ ಬಿಡಿಯಾಗಿ ಕೊಡುವುದಿಲ್ಲ, ಪೂರ್ತಿ ಪೆಟ್ಟಿಗೆ ಕೊಳ್ಳಬೇಕು ಎಂದು 2,600 ರೂಪಾಯಿ ಕಿತ್ತರು. ಬಣ್ಣವೂ ಹೊಂದಲಿಲ್ಲ.

ದುರ್ಗದ ಮೊಮ್ಮಗಳು: ಲ್ಯಾಮಿನೇಟ್ ಹಾಕಿಸಿಕೊಂಡು ಮರದ ನೆಲದ ಬಗ್ಗೆ ಮಾತನಾಡುವುದು ಯಾಕೆ, ಅಣ್ಣ? ಮೇಲೆ ಇರುವುದು ಮರದ ಚಿತ್ರ ಅಷ್ಟೇ. ಚಿತ್ರದುರ್ಗದ ನಮ್ಮ ಮನೆಯಲ್ಲಿ ಇರುವುದು ನಿಜವಾದ ತೇಗ, ಅದಕ್ಕೆ ಅಜ್ಜಿಯ ಕಾಲದಿಂದ ಅಂಟುವಾಳವೇ. ಬೀಜ ತೆಗೆದ ಸಿಪ್ಪೆ ಒಂದು ಹಿಡಿ, ರಾತ್ರಿ ನೆನೆಹಾಕಿ ಬೆಳಿಗ್ಗೆ ಕುದಿಸಬೇಕು. ತಣಿದ ಮೇಲೆ ಕಿವುಚಿ ತೆಳು ಬಟ್ಟೆಯಲ್ಲಿ ಸೋಸಬೇಕು. ಸೋಸದಿದ್ದರೆ ತಿರುಳು ಹಲಗೆಗಳ ಸಂದಿಯಲ್ಲಿ ಕೂತು ಕಂದು ಗೆರೆಯಾಗುತ್ತದೆ. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರಿಗೆ ಸಾಬೂನು ಹಾಕಿದರೆ ನೆಲದ ಮೇಲೆ ಬೂದುಬಣ್ಣದ ಪದರ ನಿಲ್ಲುತ್ತದೆ. ಅಂಟುವಾಳಕ್ಕೆ ಆ ರೋಗವಿಲ್ಲ. ಬಟ್ಟೆಯನ್ನು ಹನಿ ಬೀಳದಷ್ಟು ಹಿಂಡಿ, ಮರದ ಎಳೆಯ ಉದ್ದಕ್ಕೇ ಒರೆಸಬೇಕು. ನನ್ನ ಅತ್ತಿಗೆ ದುಬಾರಿ ಬಾಟಲಿ ತರಿಸಿಕೊಂಡು ಒರೆಸುತ್ತಾಳೆ, ನೆಲಕ್ಕೆ ಕಾಲಿಟ್ಟರೆ ಅಂಟುತ್ತದೆ. ಹೇಳಿದರೆ ಮುಖ ಊದಿಸಿಕೊಳ್ಳುತ್ತಾಳೆ.

ಉಪ್ಪುಕಾಗದ: ಮರಗೆಲಸದ ಮನೆಯಲ್ಲಿ ಹುಟ್ಟಿದವನು ನಾನು. ವಿನೆಗರ್ ಜೊತೆ ಅಡುಗೆ ಸೋಡಾ ಬೆರೆಸಿ ನೊರೆ ನೋಡಿ ಖುಷಿಪಡುವವರಿಗೆ ಮೊದಲು ಒಂದು ಮಾತು: ಆಮ್ಲವೂ ಕ್ಷಾರವೂ ಒಂದನ್ನೊಂದು ಕೊಂದು, ಕೊನೆಗೆ ಉಳಿಯುವುದು ಉಪ್ಪು ಬೆರೆತ ನೀರು. ವಿನೆಗರ್ ಒಂದನ್ನೇ ಹಾಕಿದರೂ ಪದೇ ಪದೇ ಬಳಸಿದರೆ ವಾರ್ನಿಷ್‌ನ ಹೊಳಪು ಮಂಕಾಗುತ್ತದೆ. ಹಳೆಯ ಹಲಗೆಗಳಿಗೆ ಕಬ್ಬಿಣದ ಮೊಳೆ ಹೊಡೆದಿರುತ್ತಾರೆ. ಬೋಳು ಮರದಲ್ಲಿ ಆಮ್ಲವೋ ನೀರೋ ಇಂಗಿದರೆ, ಮರದಲ್ಲಿರುವ ಒಗರಿನ ಅಂಶವೂ (ಟ್ಯಾನಿನ್) ಕಬ್ಬಿಣವೂ ಸೇರಿ ಮೊಳೆಯ ಸುತ್ತ ಮಸಿಯಂಥ ಕಪ್ಪು ಉಂಗುರ ಮೂಡುತ್ತದೆ. ಚಹಾದಲ್ಲೂ ಇರುವುದು ಅದೇ ಒಗರು. ಡಿಕಾಕ್ಷನ್ ಗೀರುಗಳ ಮೇಲೆ ಬಣ್ಣ ಕೂರಿಸುತ್ತದೆಯೇ ಹೊರತು ಕೊಳೆ ತೆಗೆಯುವುದಿಲ್ಲ. ಒಂದು ಹನಿ ನೀರು ಬಿಟ್ಟು ನೋಡಿ. ಮಣಿಯಂತೆ ನಿಂತರೆ ವಾರ್ನಿಷ್ ಬದುಕಿದೆ. ಇಂಗಿ ಕಲೆಯಾದರೆ ಆ ಜಾಗಕ್ಕೆ ನೀರೇ ಬೇಡ, ಒಣ ಬಟ್ಟೆ ಸಾಕು.

ದುರ್ಗದ ಮೊಮ್ಮಗಳು: ಅಂಟುವಾಳದ ಬಗ್ಗೆ ಒಂದು ಮಾತೂ ಇಲ್ಲ, ನೋಡಿ. ಗಂಡಸರು ಉಜ್ಜುವ ಕಾಗದ ಹಿಡಿದರೆ ಮಾತ್ರ ವಿದ್ಯೆ.

ಉಪ್ಪುಕಾಗದ: ತಾಯಿ, ಅಂಟುವಾಳವೂ ನೀರಿನಲ್ಲೇ ಕುದಿಯುತ್ತದೆ. ಬೋಳು ಮರಕ್ಕೆ ಅದು ಬೇರೆ, ನೀರು ಬೇರೆ ಎಂದು ಗೊತ್ತಾಗುವುದಿಲ್ಲ.

ಭಟ್ಟಿ ಹಿಂದಿನ ಬೀದಿ: ಒಣ ಬಟ್ಟೆ ಸಾಕು ಎನ್ನುವವರು ನಮ್ಮ ಬೀದಿಯಲ್ಲಿ ಒಂದು ವಾರ ಇದ್ದು ನೋಡಲಿ. ಮಂಡಕ್ಕಿ ಹುರಿಯುವ ಭಟ್ಟಿಯ ಮಸಿ ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಒದ್ದೆ ಬಟ್ಟೆ ಮುಟ್ಟಿಸಿದರೆ ಕಾಡಿಗೆ ಬಳಿದಂತೆ ಹರಡುತ್ತದೆ. ನಾನು ನೆಲ ಉಜ್ಜಿಸಿ, ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ ಹಚ್ಚಿಸಿದೆ. ಹೊಗೆಯಂತೆ ಎದ್ದ ಮರದ ಪುಡಿ ಪಕ್ಕದ ಮನೆಯ ಹಪ್ಪಳದ ಮೇಲೆ ಕೂತಿತು. ಅವರಿಗೆ ಒಂದು ಕಿಲೋ ಹಪ್ಪಳ ದಂಡ ಕೊಟ್ಟೆ. ಈಗ ಮಸಿ ಮರದೊಳಗೆ ಇಳಿಯುವುದಿಲ್ಲ, ಪೊರಕೆಗೇ ಬರುತ್ತದೆ. ಇನ್ನೊಬ್ಬರು ಕಡಲೆ ಎಣ್ಣೆಯೇ ಸಾಕು ಎಂದು ಹಚ್ಚಿಸಿದರು. ಅದು ಒಣಗುವ ಜಾತಿಯದಲ್ಲ, ಕಮಟು ವಾಸನೆ ಇನ್ನೂ ಹೋಗಿಲ್ಲ.

ಉಪ್ಪುಕಾಗದ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಕಟ್ಟಿ ಮೂಲೆಗೆ ಎಸೆದಿಲ್ಲ ತಾನೆ? ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ರಾಶಿ ಹಾಕಿದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಬೇಕು.

ಭಟ್ಟಿ ಹಿಂದಿನ ಬೀದಿ: ಬೆಂಕಿ ಹತ್ತುವುದಿದ್ದರೆ ಭಟ್ಟಿಯಿಂದಲೇ ಹತ್ತುತ್ತಿತ್ತು, ನಿಮ್ಮ ಬಟ್ಟೆಯ ಕಥೆ ಬೇಡ.

ವಿದ್ಯಾನಗರ ಮೂರನೇ ಅಂತಸ್ತು: ಕಥೆಯಲ್ಲ ಸ್ವಾಮಿ, ಎಣ್ಣೆ ಡಬ್ಬದ ಮೇಲೆಯೇ ಬರೆದಿರುತ್ತದೆ. ಓದುವ ತಾಳ್ಮೆ ಬೇಕು.

ಭಟ್ಟಿ ಹಿಂದಿನ ಬೀದಿ: ಓದುವ ತಾಳ್ಮೆ ಇದ್ದವರ ಲ್ಯಾಮಿನೇಟ್ ಯಾಕೆ ಉಬ್ಬಿತೋ!

ಮಂಡಕ್ಕಿ ಮನೆಯವರು: ಭಟ್ಟಿ, ಭಟ್ಟಿ ಎಂದು ಎಷ್ಟು ಸಲ ಹೇಳುತ್ತೀರಿ? ನಾವು ಈಗ ಸುಡುವುದು ಭತ್ತದ ಹೊಟ್ಟು. ಸಂಜೆಯಾದರೆ ಖಾರ ಮಂಡಕ್ಕಿ, ಮಿರ್ಚಿ ಬೇಕು. ಬೆಣ್ಣೆ ದೋಸೆಗೆ ಸೌದೆ ಒಲೆಯೇ ಬೇಕು, ಗ್ಯಾಸಿನದು ರುಚಿಯಿಲ್ಲ ಎನ್ನುವವರೂ ನೀವೇ. ಮಸಿ ಮಾತ್ರ ನಮ್ಮದೇ?

ಭಟ್ಟಿ ಹಿಂದಿನ ಬೀದಿ: ದೋಸೆಯ ಹೊಗೆ ನನ್ನ ಮನೆಯ ಕಿಟಕಿಗೆ ಬರುವುದಿಲ್ಲ. ಹೊಟ್ಟು ಎನ್ನುತ್ತೀರಲ್ಲ, ಹಾಗಾದರೆ ಟೈರು ಸುಟ್ಟ ವಾಸನೆ ಎಲ್ಲಿಂದ ಬರುತ್ತದೆ ಎಂದೂ ಹೇಳಿ.